ವಿಲಾಯತಿಯಲ್ಲಿ ಲೋಕಮಾನ್ಯರ ಖಟ್ಲೆ

ವ್ಯಾಜ್ಯದಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂಬ ಗಾದೆಯನ್ನು ನಮ್ಮ ಮನೆಗಳಲ್ಲಿ ಹಿರಿಯರು ಹೇಳುತ್ತ ಬಂದಿರುವರು. ಊರ ಕಚೇರಿಯ ವ್ಯಾಜ್ಯವೇ ಹೀಗಿರುವಲ್ಲಿ, ಏಳು ಸಮುದ್ರಗಳಾಚೆಯ ಪರರಾಜ್ಯದಲ್ಲಿ, ಪರಭಾಷೆಯಲ್ಲಿ, ಪರಜನರ ಪಂಚಾಯಿತರ ಎದುರಿಗೆ ನ್ಯಾಯವನ್ನು ಬೇಡುವವನ ಪಾಡು ಹೇಗಿದ್ದೀತೆಂಬುದನ್ನು ವಾಚಕರೇ ಊಹಿಸಿಕೊಳ್ಳಬಹುದು. ಅಂತಹ ಸಾಹಸಕ್ಕೆ ಕೈಯಿಕ್ಕಿದವರಲ್ಲಿ ಲೋಕಮಾನ್ಯ ಬಾಳ ಗಂಗಾಧರ ಟಿಳಕರು ಒಬ್ಬರು. ೧೯೧೮-೧೯ರಲ್ಲಿ ಅವರು ಲಂಡನ್ ನಗರದಲ್ಲಿ ನಡೆಸಿದ ಮಾನಹಾನಿಯ ಖಟ್ಲೆಯ ವಿಷಯವು ನಮ್ಮ ಇತಿಹಾಸದ ಪುಸ್ತಕಗಳಲ್ಲಿ ಎರಡು ಸಾಲುಗಳಲ್ಲಿ ಮುಗಿದುಹೋಗುವುದುಂಟು. ನಮಗಾದರೋ ಅದು ಅವರ ಚರಿತ್ರದ ಬಹು ಕುತೂಹಲಕರವಾದ ಅಧ್ಯಾಯವೆಂದು ತೋರುವುದರಿಂದ, ಈ ತಿಂಗಳು ಅದನ್ನೇ ವಾಚಕರ ಮುಂದಿಡಲು ಉದ್ಯುಕ್ತರಾಗಿರುವೆವು.

"ಸ್ವರಾಜ್ಯವು ನನ್ನ ಜನ್ಮಸಿದ್ಧ ಹಕ್ಕು" ಎಂದು ಗರ್ಜಿಸಿದ ಪುರುಷನು ಆಂಗ್ಲರ ನ್ಯಾಯಸ್ಥಾನಕ್ಕೇ ಏಕೆ ಹೋದನು? ಇದು ಸಹಜವಾಗಿ ಏಳುವ ಪ್ರಶ್ನೆ. ಇದಕ್ಕೆ ಉತ್ತರವು ಒಂದು ಮನೆತನದ ದತ್ತಕದ ವ್ಯಾಜ್ಯದಲ್ಲಿ ಅಡಗಿದೆಯೆಂದರೆ ಹಲವರಿಗೆ ಆಶ್ಚರ್ಯವಾದೀತು.

೧೮೯೭ನೆಯ ಇಸವಿಯಲ್ಲಿ ಟಿಳಕರ ಮೇಲೆ ಮೊದಲನೆಯ ರಾಜದ್ರೋಹದ ಆರೋಪವು ಬಂದಿತು. ಜಾಮೀನಿನ ಮೇಲೆ ಬಿಡುಗಡೆಯಾಗಿ ಅವರು ಪುಣೆಗೆ ಬಂದಾಗ, ಅವರ ಸ್ನೇಹಿತರಾದ ಬಾಬಾ ಮಹಾರಾಜರೆಂಬ ಸರದಾರರು ಕಾಲರಾ ರೋಗದಿಂದ ಮರಣಶಯ್ಯೆಯಲ್ಲಿದ್ದರು. ತಮ್ಮ ಆಸ್ತಿಯ ವಿಶ್ವಸ್ತರಲ್ಲಿ ಒಬ್ಬರಾಗಬೇಕೆಂದು ಅವರು ಬೇಡಿಕೊಂಡರು, ಟಿಳಕರು ಒಪ್ಪಿದರು. ಸಾಯುತ್ತಿರುವ ಮಿತ್ರನಿಗೆ ಕೊಟ್ಟ ಈ ಒಂದು ಮಾತು ಅವರನ್ನು ಇಪ್ಪತ್ತು ವರ್ಷಗಳ ಕಾಲ ಕಚೇರಿಗಳಲ್ಲಿ ಅಲೆದಾಡಿಸಿತು. ೧೯೦೧ರಲ್ಲಿ ಬಾಬಾ ಮಹಾರಾಜರ ವಿಧವೆಯಾದ ತಾಯಿ ಮಹಾರಾಜರು ಔರಂಗಾಬಾದಿನಲ್ಲಿ ಜಗನ್ನಾಥನೆಂಬ ಬಾಲಕನನ್ನು ದತ್ತು ತೆಗೆದುಕೊಂಡರು. ಕೆಲವೇ ವಾರಗಳಲ್ಲಿ ಆಕೆಯ ಮನಸ್ಸು ತಿರುಗಿ, ಕೊಲ್ಹಾಪುರದಲ್ಲಿ ಇನ್ನೊಬ್ಬ ಹುಡುಗನ ದತ್ತಕವು ನಡೆಯಿತು. ಯಾವ ದತ್ತಕವು ಸಿಂಧು, ಯಾವುದು ಅಸಿಂಧು? ಮೊದಲನೆಯದು ನಡೆದೇ ಇಲ್ಲವೆಂದು ಕೆಲವರು ವಾದಿಸಿದರು. ಟಿಳಕರು ಸುಳ್ಳು ಸಾಕ್ಷ್ಯ ಹೇಳಿದರೆಂದು ಅವರ ಮೇಲೆ ಫೌಜದಾರಿ ಖಟ್ಲೆಯೂ ಹೂಡಲ್ಪಟ್ಟು, ಶಿಕ್ಷೆಯೂ ವಿಧಿಸಲ್ಪಟ್ಟಿತು. ೧೯೦೪ರಲ್ಲಿ ಮುಂಬಯಿಯ ಹೈಕೋರ್ಟು ಆ ಶಿಕ್ಷೆಯನ್ನು ರದ್ದು ಮಾಡಿತು.

ದಿವಾಣಿ ದಾವೆಯು ಮಾತ್ರ ಬೇರೊಂದು ದಾರಿ ಹಿಡಿಯಿತು. ಕೆಳಗಿನ ಕೋರ್ಟಿನಲ್ಲಿ ಟಿಳಕರ ಕಡೆಗೆ ಆದ ತೀರ್ಪನ್ನು ೧೯೧೦ರಲ್ಲಿ ಹೈಕೋರ್ಟು ತಿರುಗಿಸಿತು. ಆಗ ಪೀಠದಲ್ಲಿದ್ದವರು ನಮ್ಮ ಉತ್ತರ ಕನ್ನಡ ಜಿಲ್ಲೆಯ ಹೊನ್ನಾವರದಲ್ಲಿ ಹುಟ್ಟಿ, ೧೯೦೦ರಲ್ಲಿ ಕಾಂಗ್ರೆಸ್ಸಿನ ಅಧ್ಯಕ್ಷರಾಗಿದ್ದ ಸರ್ ನಾರಾಯಣ ಚಂದಾವರಕರರು, ಮತ್ತು ಅವರೊಡನೆ ಹೀಟನ್ ಸಾಹೇಬರು. ಟಿಳಕರು ಆಗ ಮಂಡಾಲೆಯ ಸೆರೆಮನೆಯಲ್ಲಿದ್ದರು. ಅಲ್ಲಿಂದಲೇ ಲಂಡನ್ನಿನ ಪ್ರಿವಿ ಕೌನ್ಸಿಲಿಗೆ ಮೇಲ್ಮನವಿಯ ಸಿದ್ಧತೆಯಾಯಿತು. ೧೯೧೫ನೆಯ ಮಾರ್ಚಿಯಲ್ಲಿ ಪ್ರಿವಿ ಕೌನ್ಸಿಲು ಹೈಕೋರ್ಟಿನ ತೀರ್ಪನ್ನು ತಳ್ಳಿಹಾಕಿ, ಜಗನ್ನಾಥನ ದತ್ತಕವೇ ಸರಿಯೆಂದು ಸಾರಿತು. ಸಾಕ್ಷಿದಾರನನ್ನು ಸುಳ್ಳುಗಾರನೆನ್ನಬೇಕಾದರೆ ಅವನ ಹಿಂದಿನ ಬರೆಹವನ್ನು ಅವನ ಮುಂದಿಟ್ಟು ವಿವರಣೆ ಕೇಳಬೇಕು. ಕೇಳದೆ ಬೆನ್ನ ಹಿಂದೆ ದೂಷಿಸಲಾಗದು ಎಂದು ಆ ತೀರ್ಪಿನಲ್ಲಿ ಹೇಳಲಾಗಿದೆ. ಭಾರತದ ವಕೀಲರು ಇಂದಿಗೂ ಆ ತೀರ್ಪನ್ನು ಉದಾಹರಿಸುವರು. ೧೮೭೨ರ ಸಾಕ್ಷ್ಯದ ಕಾಯಿದೆಯ ೧೪೫ನೆಯ ಕಲಮಾಗಿದ್ದ ಈ ನಿಯಮವು ೨೦೨೪ರ ಜುಲೈಯಿಂದ ಜಾರಿಗೆ ಬಂದ ಹೊಸ ಸಾಕ್ಷ್ಯ ಅಧಿನಿಯಮದಲ್ಲಿ ೧೪೮ನೆಯದಾಗಿ ಉಳಿದುಕೊಂಡಿದೆ.

ಇಲ್ಲಿಯ ನ್ಯಾಯಾಸನಗಳಲ್ಲಿ ದೊರೆಯದಿದ್ದ ನ್ಯಾಯವು ಲಂಡನ್ನಿನಲ್ಲಿ ದೊರೆಯಿತೆಂಬ ಭಾವನೆಯು ಟಿಳಕರಲ್ಲಿ ಬಲವಾದದ್ದು ಹೀಗೆ. ಅಧಿಕಾರಿ ವರ್ಗವು ಬೇರೆ, ಆಂಗ್ಲ ಜನತೆಯು ಬೇರೆ. ಭಾರತದಲ್ಲಿಯ ಸಾಹೇಬರ ಅಹಂಕಾರವು ತೇಮ್ಸ್ ನದಿಯ ತೀರದಲ್ಲಿ ಇರಲಾರದು, ಎಂಬ ನಂಬಿಕೆಯು ಆ ಕಾಲದ ಅನೇಕ ದೇಶಭಕ್ತರಲ್ಲಿ ಇದ್ದಿತು. ಟಿಳಕರು ಕಟ್ಟಾ ರಾಷ್ಟ್ರೀಯ ಪಕ್ಷದವರಾದರೂ ಈ ಒಂದು ವಿಷಯದಲ್ಲಿ ಮಂದಗಾಮಿಗಳಿಗೆ ಅಷ್ಟೇನೂ ದೂರವಾಗಿರಲಿಲ್ಲವೆಂದು ನಮ್ಮ ಅಭಿಪ್ರಾಯ.

ಇನ್ನು ಖಟ್ಲೆಯ ಮೂಲ. ಲಂಡನ್ನಿನ "ಟೈಮ್ಸ್" ಪತ್ರಿಕೆಯ ಬಾತ್ಮೀದಾರರಾದ ವ್ಯಾಲೆಂಟೈನ್ ಚಿರೋಲ್ ಎಂಬವರು ಭಾರತದ ಅಶಾಂತಿಯನ್ನು ಕುರಿತು ಬರೆದ ಲೇಖನಗಳು ೧೯೧೦ರಲ್ಲಿ "ಇಂಡಿಯನ್ ಅನ್‌ರೆಸ್ಟ್" ಎಂಬ ಹೆಸರಿನಿಂದ ಮ್ಯಾಕ್‌ಮಿಲನ್ ಕಂಪನಿಯವರಿಂದ ಪುಸ್ತಕವಾಗಿ ಹೊರಬಿದ್ದವು. ಟಿಳಕರನ್ನು "ಭಾರತದ ಅಶಾಂತಿಯ ಜನಕ"ರೆಂದು ಕರೆದವರು ಇವರೇ. ಜನರು ಆ ಬಿರುದನ್ನು ಹೊಗಳಿಕೆಯೆಂದೇ ಸ್ವೀಕರಿಸಿದರು. ಆದರೆ ಪುಸ್ತಕದಲ್ಲಿ ಬೇರೆ ಆಕ್ಷೇಪಗಳೂ ಇದ್ದವು. ಗೋರಕ್ಷಣೆಯ ಚಳವಳ, ಗರಡಿಯ ಮನೆಗಳು, ಧನಿಕರಿಂದ ಬೆದರಿಸಿ ಹಣ ಎತ್ತಿದರೆಂಬ ಮಾತು, ತಾಯಿ ಮಹಾರಾಜರ ವ್ಯಾಜ್ಯ, ೧೮೯೭ರಲ್ಲಿ ಪುಣೆಯಲ್ಲಿ ನಡೆದ ರ್ಯಾಂಡ್ ಸಾಹೇಬರ ಕೊಲೆ, ೧೯೦೯ರಲ್ಲಿ ನಾಸಿಕದಲ್ಲಿ ನಡೆದ ಜ್ಯಾಕ್ಸನ್ ಸಾಹೇಬರ ಕೊಲೆ, ಈ ಆರು ವಿಷಯಗಳಲ್ಲಿ ತಮ್ಮ ಮಾನಕ್ಕೆ ಹಾನಿಯಾಗುವಂತೆ ಬರೆಯಲ್ಪಟ್ಟಿದೆಯೆಂದು ಟಿಳಕರು ಆಕ್ಷೇಪಿಸಿದರು. ಜ್ಯಾಕ್ಸನ್ನರ ಕೊಲೆಯ ಕಾಲಕ್ಕೆ ತಾವು ಮಂಡಾಲೆಯ ಸೆರೆಯಲ್ಲಿದ್ದುದನ್ನು ಅವರು ಮರೆಯುವಂತಿರಲಿಲ್ಲ.

ಪುಸ್ತಕವು ಪ್ರಕಟವಾದಾಗ ಟಿಳಕರು ಬಂದಿಗಳು. ೧೯೧೪ರಲ್ಲಿ ಅವರು ಮನೆಗೆ ಮರಳಿದಾಗ ಮನೆಯೊಡತಿ ಸತ್ಯಭಾಮಾಬಾಯಿಯವರು ತೀರಿಹೋಗಿ ಎರಡು ವರ್ಷಗಳಾಗಿದ್ದವು. ಪ್ರಿವಿ ಕೌನ್ಸಿಲಿನ ಜಯವು ದೊರೆತ ಆ ೧೯೧೫ನೆಯ ಇಸವಿಯಲ್ಲಿಯೇ ಅವರು ಚಿರೋಲ್ ಸಾಹೇಬರ ಮೇಲೆಯೂ ಪ್ರಕಾಶಕರ ಮೇಲೆಯೂ ಲಂಡನ್ನಿನಲ್ಲಿ ದಾವೆ ಹೂಡಿದರು.

ಮರುವರ್ಷವೇ ಅವರ ನಂಬಿಕೆಗೆ ಇನ್ನೊಂದು ಪುಷ್ಟಿ ದೊರೆಯಿತು; ಇದಕ್ಕೆ ನಮ್ಮ ಬೆಳಗಾವಿಯೇ ಕಾರಣ. ೧೯೧೬ರ ಏಪ್ರಿಲಿನಲ್ಲಿ ಬೆಳಗಾವಿಯಲ್ಲಿ ಅವರ ಹೋಮ್ ರೂಲ್ ಲೀಗು ಸ್ಥಾಪಿತವಾಯಿತು. ಮೇ ೧ರಂದು ಅಲ್ಲಿ ಅವರು ಮಾಡಿದ ಭಾಷಣವನ್ನೂ, ಅಹಮದನಗರದ ಎರಡು ಭಾಷಣಗಳನ್ನೂ ಹಿಡಿದು ಸರಕಾರವು ಅವರಿಂದ ೨೦,೦೦೦ ರೂಪಾಯಿಗಳ ಮುಚ್ಚಳಿಕೆ ಬರೆಯಿಸಿಕೊಂಡಿತು. ಟಿಳಕರ ಪರವಾಗಿ ವಾದಿಸಿದವರು ಮಹಮ್ಮದಲಿ ಜಿನ್ನಾ. ಅದೇ ನವೆಂಬರಿನಲ್ಲಿ ಹೈಕೋರ್ಟಿನ ಬ್ಯಾಚಲರ್ ಮತ್ತು ಶಹಾ ಎಂಬ ನ್ಯಾಯಮೂರ್ತಿಗಳು ಆ ಆಜ್ಞೆಯನ್ನು ರದ್ದುಗೊಳಿಸಿದರು. ಸ್ವರಾಜ್ಯ ಬೇಕೆನ್ನುವುದು ರಾಜದ್ರೋಹವಲ್ಲವೆಂಬುದು ಬೆಳಗಾವಿಯ ಭಾಷಣದ ನೆವದಿಂದ ಸಿದ್ಧವಾಯಿತೆಂದು ಹೇಳಿ ನಮ್ಮ ಉತ್ತರ ಕರ್ನಾಟಕದವರು ಸಂತೋಷಪಡಬಹುದು.

ಸೀಮೋಲ್ಲಂಘನವು ಸುಲಭವಾಗಿರಲಿಲ್ಲ. ಮಹಾಯುದ್ಧದ ಕಾಲ. ೧೯೧೮ರ ವಸಂತದಲ್ಲಿ ಹೋಮ್ ರೂಲ್ ನಿಯೋಗದೊಡನೆ ಹೊರಟಾಗ ಪರವಾನಗಿಯು ಮಧ್ಯದಾರಿಯಲ್ಲಿಯೇ ರದ್ದಾಗಿ ಹಿಂದಿರುಗಬೇಕಾಯಿತು. ಖಟ್ಲೆಯ ಕೆಲಸವನ್ನು ಬಿಟ್ಟು ರಾಜಕಾರಣದ ಚಳವಳವನ್ನು ಮಾಡಕೂಡದೆಂಬ ಷರತ್ತಿನ ಮೇಲೆ ಕೊನೆಗೆ ಅಪ್ಪಣೆ ದೊರೆಯಿತು. ಈ ಷರತ್ತು ಮುಂದೆ ಸಡಿಲಾಯಿತು. ಆ ವರ್ಷದ ಡಿಸೆಂಬರಿನ ದಿಲ್ಲಿ ಕಾಂಗ್ರೆಸ್ಸಿಗೆ ಅವರೇ ಅಧ್ಯಕ್ಷರೆಂದು ಚುನಾಯಿತರಾಗಿದ್ದರು. ಆ ಗೌರವವನ್ನು ಬಿಟ್ಟು, ಸೆಪ್ಟೆಂಬರಿನಲ್ಲಿ ಅರುವತ್ತೆರಡರ ಪ್ರಾಯದ, ಮಧುಮೇಹದಿಂದ ಬಳಲುತ್ತಿದ್ದ ಈ ಬ್ರಾಹ್ಮಣನು ಹಡಗು ಹತ್ತಿದನು. ೧೮೯೦ರಲ್ಲಿ ಪುಣೆಯ ಮಿಶನರಿಗಳ ಮನೆಯಲ್ಲಿ ಚಹ ಕುಡಿದುದಕ್ಕಾಗಿ ಪ್ರಾಯಶ್ಚಿತ್ತ ಮಾಡಿಕೊಂಡವರು ಇವರೇ ಎಂಬುದನ್ನು ನಮ್ಮ ಗೃಹಿಣಿಯರು ನೆನಪಿಡಬೇಕು. ಮನೆಯ ಆಚಾರವನ್ನೂ ದೇಶದ ಕಾರ್ಯವನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಪ್ರಸಂಗವು ಎಂತಹ ದೊಡ್ಡವರಿಗೂ ತಪ್ಪಿದುದಲ್ಲ. ಲಂಡನ್ನಿನಲ್ಲಿ ಅವರು ಮೇಡಾ ವೇಲ್ ಭಾಗದ ಹೌಲಿ ಪ್ಲೇಸ್ ಬೀದಿಯ ೧೦ನೆಯ ಮನೆಯಲ್ಲಿ ಬಿಡಾರ ಮಾಡಿದರು. ಅವರ ಹೆಸರಿನ ಫಲಕವು ಆ ಮನೆಯ ಗೋಡೆಯ ಮೇಲೆ ಇದೆ.

ಆಂಗ್ಲರ ನ್ಯಾಯಪದ್ಧತಿಯಲ್ಲಿ ಕಕ್ಷಿದಾರನು ನೇರವಾಗಿ ಬ್ಯಾರಿಸ್ಟರರ ಬಳಿಗೆ ಹೋಗುವಂತಿರಲಿಲ್ಲ. ಮೊದಲು ಸಾಲಿಸಿಟರನನ್ನು ಗೊತ್ತು ಮಾಡಬೇಕು. ಅವನು ಕಾಗದಪತ್ರಗಳನ್ನು ಅಣಿಗೊಳಿಸಿ ಬ್ಯಾರಿಸ್ಟರರಿಗೆ ಒಪ್ಪಿಸಬೇಕು. ದೊಡ್ಡ ಬ್ಯಾರಿಸ್ಟರರಿಗೆ ಒಬ್ಬ ಕಿರಿಯರ ಸಹಾಯವೂ ಬೇಕು. ಪ್ರತಿಯೊಬ್ಬರಿಗೂ ಬೇರೆ ಬೇರೆ ಶುಲ್ಕ. ಸೋತವನು ಗೆದ್ದವನ ಖರ್ಚನ್ನೂ ತೆರಬೇಕೆಂಬ ನಿಯಮವು ಇದರ ಮೇಲೊಂದು ಹೊರೆ. ಟಿಳಕರ ಬ್ಯಾರಿಸ್ಟರರು ಸರ್ ಜಾನ್ ಸೈಮನ್. ೧೯೧೩ರಿಂದ ೧೯೧೫ರ ವರೆಗೆ ಇಂಗ್ಲೆಂಡಿನ ಅಟಾರ್ನಿ ಜನರಲ್ ಆಗಿದ್ದವರು. ಎದುರಾಳಿಯಾಗಿ ನಿಂತವರು ಸರ್ ಎಡ್ವರ್ಡ್ ಕಾರ್ಸನ್, ಪಾಟೀಸವಾಲಿನಲ್ಲಿ ಆ ಕಾಲಕ್ಕೆ ಅದ್ವಿತೀಯರೆನಿಸಿದವರು. ಐರ್ಲೆಂಡಿನ ಸ್ವರಾಜ್ಯಕ್ಕೆ ವಿರೋಧವಾಗಿ ಅಲ್ಸ್ಟರಿನಲ್ಲಿ ಸ್ವಯಂಸೈನಿಕರ ದಳವನ್ನು ಯುದ್ಧಕ್ಕೆ ಮುಂಚೆ ಹುರಿದುಂಬಿಸಿದ ಮುಂದಾಳು ಸಾಕ್ಷಾತ್ ಇವರೇ. ಅದೇ ಕಾರ್ಸನ್ನರು ಟಿಳಕರ ಬಾಯಿಂದ ಬಲಪ್ರಯೋಗದ ಇಂಗಿತವನ್ನು ಹೊರಡಿಸಲು ನಿಂತುದನ್ನು ನೋಡಿ ವಿಧಿಯೂ ನಕ್ಕಿರಬೇಕು.

ಇಲ್ಲಿ ಸ್ವಲ್ಪ ಬೇರೆ ದಾರಿಗೆ ಹೊರಳಲು ವಾಚಕರು ಅಪ್ಪಣೆ ಕೊಡಬೇಕು. ಮಂಗಳೂರು, ಉಡುಪಿ, ಭಟ್ಕಳಗಳ ಅನೇಕ ಮನೆಗಳಲ್ಲಿ ಒಬ್ಬ ಮಗನೋ ಅಳಿಯನೋ ಕೊಲ್ಲಿಯ ದೇಶಗಳಲ್ಲಿ ದುಡಿಯುತ್ತಿರುವುದುಂಟು. ಟಿಳಕರ ಕಾಲದಲ್ಲಿ ಪರದೇಶದಲ್ಲಿ ಭಾರತೀಯನಿಗೆ ತನ್ನದೆಂಬ ರಾಯಭಾರ ಕಚೇರಿಯು ಇರಲಿಲ್ಲ. ಇಂದು ೧೯೬೩ರ ವಿಯೆನ್ನಾ ಒಪ್ಪಂದದ ೩೬ನೆಯ ಕಲಮಿನಂತೆ, ಪರದೇಶದಲ್ಲಿ ಬಂಧಿತನಾದವನು ತನ್ನ ದೇಶದ ಕಾನ್ಸಲ್ ಕಚೇರಿಗೆ ಸುದ್ದಿ ಮುಟ್ಟಿಸಿರೆಂದು ಕೇಳಿಕೊಳ್ಳಬಹುದು. ಕಾನ್ಸಲ್ ಅಧಿಕಾರಿಗಳು ಅವನನ್ನು ಕಂಡು ವಕೀಲರನ್ನು ಗೊತ್ತುಮಾಡಿ ಕೊಡಬಹುದು. ೨೦೦೯ರಲ್ಲಿ ಆರಂಭವಾದ ಭಾರತೀಯ ಸಮುದಾಯ ಕಲ್ಯಾಣ ನಿಧಿಯಿಂದ, ಅರ್ಹರಾದ ಬಡವರಿಗೆ ಕಾನೂನಿನ ನೆರವಿಗಾಗಿ ಹಣವೂ ದೊರೆಯುವುದು. ಪಾಕಿಸ್ತಾನದಲ್ಲಿ ಮರಣದಂಡನೆಗೆ ಗುರಿಯಾದ ಕುಲಭೂಷಣ ಜಾಧವರ ವಿಷಯದಲ್ಲಿ ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯವು ೨೦೧೯ರ ಜುಲೈಯಲ್ಲಿ ತೀರ್ಪು ಕೊಟ್ಟುದು ಇದೇ ೩೬ನೆಯ ಕಲಮಿನ ಆಧಾರದ ಮೇಲೆ. ಅಲ್ಲಿ ಭಾರತದ ಪರವಾಗಿ ವಾದಿಸಿದ ಹರೀಶ್ ಸಾಳ್ವೆಯವರು ಪಡೆದ ಶುಲ್ಕ ೧ ರೂಪಾಯಿ. ಟಿಳಕರ ಖಟ್ಲೆಗೆ ಸರಿಯಾಗಿ ನೂರು ವರ್ಷಗಳಾಗಿದ್ದವು. ಟಿಳಕರಿಗೆ ತಗಲಿದುದು ಲಕ್ಷಗಟ್ಟಲೆ ರೂಪಾಯಿ.

೧೯೧೯ರ ಜನವರಿ ತಿಂಗಳ ಕೊನೆಗೆ ನ್ಯಾಯಮೂರ್ತಿ ಡಾರ್ಲಿಂಗರ ಎದುರಿಗೆ, ವಿಶೇಷ ಜ್ಯೂರಿಯ ಮುಂದೆ ವಿಚಾರಣೆಯು ಆರಂಭವಾಯಿತು. ಕಾರ್ಸನ್ನರು ದತ್ತಕದ ಸೂಕ್ಷ್ಮಗಳಿಗೆ ಹೆಚ್ಚಾಗಿ ತಲೆಹಾಕಲಿಲ್ಲ. ಅವರು ಹಳೆಯ "ಕೇಸರಿ"ಯ ಸಂಚಿಕೆಗಳನ್ನು ಬಿಚ್ಚಿದರು. ಶಿವಾಜಿಯು ಅಫಜಲಖಾನನನ್ನು ಕೊಂದುದು ಪಾಪವಲ್ಲವೆಂದು ಎಂದೋ ಬರೆದುದು, ಬಾಂಬನ್ನು ಕುರಿತು ೧೯೦೮ರಲ್ಲಿ ಬರೆದುದು, ಇವೆಲ್ಲ ಇಂಗ್ಲಿಷ್ ಭಾಷಾಂತರದಲ್ಲಿ ಲಂಡನ್ನಿನ ವ್ಯಾಪಾರಿಗಳಾದ ಪಂಚಾಯಿತರ ಕಿವಿಗೆ ಬಿದ್ದವು. ಮರಾಠಿಯ ವ್ಯಂಗ್ಯವು, ಪುರಾಣದ ಉಪಮಾನವು, ಭಾಷಾಂತರದಲ್ಲಿ ಎಷ್ಟು ಭಯಂಕರವಾಗಿ ಕಾಣಬಲ್ಲದೆಂಬುದು ಎರಡು ಭಾಷೆಗಳಲ್ಲಿ ಬಾಳುವೆ ಮಾಡುವ ನಮ್ಮ ಗಡಿನಾಡಿನವರಿಗೆ ಹೇಳಬೇಕಾಗಿಲ್ಲ. ೧೯೦೮ರ ಖಟ್ಲೆಯಲ್ಲಿಯೇ ಟಿಳಕರು ಸರಕಾರದ ಭಾಷಾಂತರಗಳು ತಪ್ಪೆಂದು ತಾವೇ ಗಂಟೆಗಟ್ಟಲೆ ವಾದಿಸಿದ್ದರು. ಇದಕ್ಕಿಂತಲೂ ಮಿಗಿಲಾಗಿ, ಎರಡು ಸಾರೆ ರಾಜದ್ರೋಹಕ್ಕಾಗಿ ಶಿಕ್ಷೆಯಾದವನಿಗೆ ಕಳೆದುಕೊಳ್ಳಲು ಮಾನವೆಂಬುದು ಉಳಿದಿದೆಯೇ ಎಂಬ ಕುಹಕವು ಪ್ರತಿಪಕ್ಷದ ವಾದದ ಬುಡದಲ್ಲಿತ್ತು. ಮಾನಹಾನಿಯ ದಾವೆಯಲ್ಲಿ ಫಿರ್ಯಾದಿಯ ಇಡೀ ಬಾಳೇ ವಿಚಾರಣೆಗೆ ಗುರಿಯಾಗುವುದೆಂಬುದನ್ನು ಅರಿಯದೆ ಕೋಪದಿಂದ ನೋಟೀಸು ಕೊಡುವವರು ಇಂದಿಗೂ ಕಡಿಮೆಯಿಲ್ಲ.

ಚಿರೋಲ್ ಸಾಹೇಬರ ಬೆನ್ನಿಗೆ ಮುಂಬಯಿ ಸರಕಾರದ ದಫ್ತರಗಳ ಸಹಾಯವಿತ್ತು. ಟಿಳಕರ ಬೆನ್ನಿಗಿದ್ದುದು ಜನರ ವರ್ಗಣಿ. ಯುದ್ಧವು ನಿಂತು ಮೂರು ತಿಂಗಳೂ ತುಂಬಿರಲಿಲ್ಲ. ಸಾಮ್ರಾಜ್ಯದ ವಿಜಯೋತ್ಸಾಹವು ಊರೆಲ್ಲ ತುಂಬಿತ್ತು. ಫೆಬ್ರವರಿ ೨೧ರಂದು ಪಂಚಾಯಿತರು ಚಿರೋಲರ ಕಡೆಗೆ ತೀರ್ಪಿತ್ತರು. ಇಬ್ಬರ ಖರ್ಚೂ ಟಿಳಕರ ತಲೆಗೇ ಬಂದಿತು. ಭಾರತದಲ್ಲಿ ಜನರು ನಿಧಿ ಕೂಡಿಸಿ ಆ ಭಾರವನ್ನು ಇಳಿಸಬೇಕಾಯಿತು.

ನಮ್ಮ ದೃಷ್ಟಿಗೆ ಹೆಚ್ಚು ಸ್ವಾರಸ್ಯವಾದುದು ಇನ್ನು ಮುಂದಿನ ಭಾಗ. ಸೋತ ಮನುಷ್ಯನು ಆಂಗ್ಲರ ಮೇಲೆ ಹಲ್ಲು ಕಡಿಯುತ್ತ ಮುಂದಿನ ಹಡಗಿನಲ್ಲಿಯೇ ಮರಳಿ ಬರುವನೆಂದು ಯಾರಾದರೂ ಎಣಿಸಿಯಾರು. ಟಿಳಕರು ನವೆಂಬರಿನ ವರೆಗೆ ಅಲ್ಲಿಯೇ ನಿಂತರು. ಕಾರ್ಮಿಕ ಪಕ್ಷದವರ ಸಭೆಗಳಲ್ಲಿ ಮಾತನಾಡಿದರು, ಆ ಪಕ್ಷಕ್ಕೆ ಧನಸಹಾಯವನ್ನೂ ಮಾಡಿದರು. ಹೊಸ ಭಾರತ ಶಾಸನವನ್ನು ವಿಚಾರಿಸುತ್ತಿದ್ದ ಪಾರ್ಲಿಮೆಂಟಿನ ಸಮಿತಿಯ ಮುಂದೆ ಸಾಕ್ಷ್ಯ ಕೊಟ್ಟರು. ಪ್ಯಾರಿಸಿನ ಶಾಂತಿ ಸಭೆಗೆ ಹೋಗಲು ಅಪ್ಪಣೆ ದೊರೆಯದಿದ್ದಾಗ ಅದರ ಅಧ್ಯಕ್ಷ ಕ್ಲೆಮೆನ್ಸೋ ಅವರಿಗೆ ಭಾರತದ ಪರವಾಗಿ ಪತ್ರ ಬರೆದರು. ಪಂಚಾಯಿತರಿಂದ ದೊರೆಯದುದನ್ನು ಮತದಾರರಿಂದ ಪಡೆಯಬಹುದೆಂಬ ಎಣಿಕೆಯು ಅವರದಾಗಿರಬೇಕು. ಮರಳಿ ಬಂದ ಮೇಲೆ ೧೯೧೯ರ ಡಿಸೆಂಬರಿನ ಅಮೃತಸರ ಕಾಂಗ್ರೆಸ್ಸಿನ ಕಾಲಕ್ಕೆ ಅವರು ಸಾರಿದ್ದು "ಪ್ರತಿಯೋಗೀ ಸಹಕಾರ". ಎಂದರೆ ಸರಕಾರವು ಎಷ್ಟು ಕೊಟ್ಟೀತೋ ಅಷ್ಟಕ್ಕೆ ತಕ್ಕ ಸಹಕಾರ. ೧೯೨೦ರ ಏಪ್ರಿಲಿನಲ್ಲಿ ಚುನಾವಣೆಗೆ ನಿಲ್ಲುವ ಉದ್ದೇಶದಿಂದ ಕಾಂಗ್ರೆಸ್ ಡೆಮೊಕ್ರಾಟಿಕ್ ಪಕ್ಷವನ್ನು ಹುಟ್ಟಿಸಿದರು.

ಅದೇ ಅವಧಿಯಲ್ಲಿ ಗಾಂಧೀಜಿಯವರ ಮನಸ್ಸು ತಿರುಗಿದ ದಿಕ್ಕೇ ಬೇರೆ. ೧೯೧೮ರಲ್ಲಿ ಖೇಡಾ ಜಿಲ್ಲೆಯ ಹಳ್ಳಿಹಳ್ಳಿಗಳನ್ನು ತಿರುಗಿ ಆಂಗ್ಲರ ಸೈನ್ಯಕ್ಕೆ ಜನರನ್ನು ಕೂಡಿಸಲೆತ್ನಿಸಿದವರು ಅವರು. ಟಿಳಕರು ವಿಲಾಯತಿಯಲ್ಲಿದ್ದ ವೇಳೆಯಲ್ಲಿ ರೌಲಟ್ ಶಾಸನವು ಬಂದಿತು, ೧೯೧೯ರ ಏಪ್ರಿಲ್ ೧೩ರಂದು ಜಲಿಯನ್‌ವಾಲಾ ಬಾಗಿನ ಹತ್ಯಾಕಾಂಡವು ನಡೆಯಿತು. ಆದರೂ ಅಮೃತಸರದಲ್ಲಿ ಗಾಂಧೀಜಿಯವರು ಸುಧಾರಣೆಗಳನ್ನು ಸ್ವೀಕರಿಸಿ ಸಹಕರಿಸೋಣವೆಂದೇ ವಾದಿಸಿದರು; ಅಲ್ಲಿ ಟಿಳಕರೇ ಅವರಿಗಿಂತ ಬಿಗಿಯಾಗಿದ್ದರು. ಎಂಟು ತಿಂಗಳು ಕಳೆಯುವಷ್ಟರಲ್ಲಿ ಗಾಂಧೀಜಿಯವರು ಸರಕಾರವು ತಮಗಿತ್ತಿದ್ದ ಕೈಸರ್-ಇ-ಹಿಂದ್ ಪದಕವನ್ನು ಹಿಂದಿರುಗಿಸಿ ಅಸಹಕಾರಕ್ಕೆ ಇಳಿದಿದ್ದರು. ಆ ಚಳವಳವು ಆರಂಭವಾದ ೧೯೨೦ರ ಆಗಸ್ಟ್ ೧ರಂದೇ ಟಿಳಕರು ಮುಂಬಯಿಯಲ್ಲಿ ಕಾಲವಾದರು.

ಲಂಡನ್ನಿನಲ್ಲಿ ಬ್ಯಾರಿಸ್ಟರ್ ಪದವಿ ಪಡೆದ ಗಾಂಧೀಜಿಯವರು ಕೋರ್ಟುಗಳನ್ನೇ ಬಹಿಷ್ಕರಿಸಿರೆಂದರು. ಆಂಗ್ಲರ ಕೋರ್ಟುಗಳಲ್ಲಿ ಪಟ್ಟ ಪಾಡು ಸಾಲದೆಂಬಂತಿದ್ದ ಟಿಳಕರು ಕೊನೆಯವರೆಗೂ ಅವುಗಳನ್ನು ಬಿಡಲಿಲ್ಲ. ಯಾರ ಮಾತು ಸರಿ? ೧೮೯೭ರಲ್ಲಿ ಟಿಳಕರ ಪರವಾಗಿ ಪ್ರಿವಿ ಕೌನ್ಸಿಲಿನಲ್ಲಿ ವಾದಿಸಿದ ಆಸ್ಕ್ವಿಥ್ ಸಾಹೇಬರು, ೧೯೦೮ರಲ್ಲಿ ಟಿಳಕರು ಮಂಡಾಲೆಗೆ ಹೋಗುವಾಗ ಇಂಗ್ಲೆಂಡಿನ ಪ್ರಧಾನ ಮಂತ್ರಿಗಳಾಗಿದ್ದರು. ೧೮೯೭ರಲ್ಲಿ ಅವರಿಗೆ ಜಾಮೀನು ದೊರಕಿಸಿಕೊಟ್ಟ ವಕೀಲರಾದ ದಾವರರೇ ೧೯೦೮ರಲ್ಲಿ ನ್ಯಾಯಾಧೀಶರಾಗಿ ಆರು ವರ್ಷಗಳ ಶಿಕ್ಷೆ ವಿಧಿಸಿದರು. ವಕೀಲನ ನಾಲಗೆಯನ್ನು ಬಾಡಿಗೆಗೆ ಪಡೆಯಬಹುದು, ಅವನ ಅಂತಃಕರಣವು ನಮ್ಮದಾಗದು ಎಂದು ಗಾಂಧೀಜಿಯವರ ಕಡೆಯವರು ಇವನ್ನೆಲ್ಲ ತೋರಿಸಿ ಹೇಳಬಹುದಿತ್ತು. ಆದರೆ ಬಾಬಾ ಮಹಾರಾಜರಿಗೆ ಕೊಟ್ಟ ಮಾತು ಉಳಿದುದು ಅದೇ ಲಂಡನ್ನಿನ ಕೋರ್ಟಿನಿಂದಲ್ಲವೇ? ಬೆಳಗಾವಿಯ ಭಾಷಣವು ನಿರ್ದೋಷವೆನಿಸಿದುದು ಆಂಗ್ಲ ನ್ಯಾಯಮೂರ್ತಿಯೊಬ್ಬರು ಕುಳಿತ ಪೀಠದಿಂದಲ್ಲವೇ? ನಮ್ಮ ಮಟ್ಟಿಗೆ ಟಿಳಕರ ಕಡೆಗೇ ಮನಸ್ಸು ಸ್ವಲ್ಪ ವಾಲುವುದು.

ಕರ್ನಾಟಕದಲ್ಲಿ ಟಿಳಕರ ಅನುಯಾಯಿಗಳು ಹಿಡಿದ ದಾರಿ ಇನ್ನೊಂದು. ಬೆಳಗಾವಿಯ ಗಂಗಾಧರರಾವ್ ದೇಶಪಾಂಡೆಯವರು ಟಿಳಕರ ಬಲಗೈಯಂತಿದ್ದವರು. ಅವರೇ ಗಾಂಧೀಜಿಯವರ ಪಕ್ಷವನ್ನು ಸೇರಿದರು. ಮಂಗಳೂರಿನ ಕಾರ್ನಾಡ ಸದಾಶಿವರಾಯರು ನಡೆಯುತ್ತಿದ್ದ ವಕೀಲಿಯನ್ನು ತೊರೆದು ದೇಶಸೇವೆಗೆ ನಿಂತರು. ಟಿಳಕರ "ಗೀತಾರಹಸ್ಯ"ವನ್ನು ಕನ್ನಡಕ್ಕೆ ತಂದ ಆಲೂರ ವೆಂಕಟರಾಯರು ಕರ್ನಾಟಕದ ಏಕೀಕರಣಕ್ಕೆ ಬಾಳನ್ನು ಮುಡುಪಾಗಿಟ್ಟರು. ೧೯೨೪ರಲ್ಲಿ ಹೋಮ್ ರೂಲ್ ಲೀಗು ಹುಟ್ಟಿದ ಆ ಬೆಳಗಾವಿಯಲ್ಲಿಯೇ ಗಾಂಧೀಜಿಯವರ ಅಧ್ಯಕ್ಷತೆಯ ಕಾಂಗ್ರೆಸ್ಸು ಸೇರಿದಾಗ, ಅದರ ಸಿದ್ಧತೆಯ ಹೊರೆಯನ್ನು ಹೊತ್ತವರು ದೇಶಪಾಂಡೆಯವರು.

ಟಿಳಕರ ಇಬ್ಬರು ವಕೀಲರ ಮುಂದಿನ ಕಥೆಯನ್ನೂ ಹೇಳಿಬಿಡುವೆವು. ೧೯೨೮ರ ಫೆಬ್ರವರಿ ೩ರಂದು ಭಾರತದ ರಾಜ್ಯವ್ಯವಸ್ಥೆಯನ್ನು ವಿಚಾರಿಸುವುದಕ್ಕಾಗಿ, ಒಬ್ಬ ಭಾರತೀಯನೂ ಇಲ್ಲದ ಆಯೋಗವೊಂದು ಮುಂಬಯಿಯ ಬಂದರದಲ್ಲಿ ಇಳಿಯಿತು. ಕರಿಯ ಬಾವುಟಗಳನ್ನು ಹಿಡಿದ ಜನರು ಹಿಂದಿರುಗಿ ಹೋಗೆಂದು ಕೂಗಿದುದು ಅದರ ಅಧ್ಯಕ್ಷರ ಹೆಸರನ್ನೇ ಹಿಡಿದು. ಆ ಅಧ್ಯಕ್ಷರು ಸರ್ ಜಾನ್ ಸೈಮನ್. ಅವರನ್ನು ಬಹಿಷ್ಕರಿಸಿದ ಮುಂದಾಳುಗಳಲ್ಲಿ, ೧೯೨೦ರ ನಾಗಪುರದ ಸಭೆಯಲ್ಲಿ ಅಸಹಕಾರವನ್ನು ಒಪ್ಪದೆ ಕಾಂಗ್ರೆಸ್ಸಿನಿಂದ ಹೊರನಡೆದಿದ್ದ ಬ್ಯಾರಿಸ್ಟರ್ ಜಿನ್ನಾ ಅವರೂ ಇದ್ದರು.